ಫ್ರೇಮ್ ಹಾಕಿಸಿದ ಘಟನೆ

ಲ್ಯಾಬಿನ ಮುಖ್ಯಸ್ಥೆ ಲಕೋಟೆ ಒಡೆದು ಓದಿದಾಗ ಇಡೀ ಕೋಣೆ ನಕ್ಕಿತು.

"ಮೂರು ತಿಂಗಳ ಹಿಂದೆ ಸಿಕ್ಕಿತಲ್ಲ, ಕಣಗಳ ಡಿಕ್ಕಿಯ ಆ ಅಪರೂಪದ ಘಟನೆ? ಅದು ಅಸಲಿ ಅಲ್ಲ. ಕಂಪ್ಯೂಟರಿನಲ್ಲಿ ತಯಾರು ಮಾಡಿ, ಅಸಲಿ ಡೇಟಾ ಮಧ್ಯೆ ನಾವೇ ಸೇರಿಸಿದ್ದು. ನೀವು ಹಿಡಿದ್ರಿ. ತಂಡ ಪಾಸ್!"

ಚಪ್ಪಾಳೆ. ನಾನೂ ತಟ್ಟಿದೆ. ಇಂಥ ಪರೀಕ್ಷೆ ನಮ್ಮ ಲ್ಯಾಬಿಗೆ ಹೊಸದಲ್ಲ. ಗುಟ್ಟು ಗೊತ್ತಿರುವುದು ಇಬ್ಬರಿಗೇ, ಅವರು ಬಾಯಿ ಬಿಡುವಂತಿಲ್ಲ. ಒಬ್ಬರು ಮುಖ್ಯಸ್ಥೆ. ಇನ್ನೊಬ್ಬರ ಹೆಸರು ಹೇಳುವ ಮೊದಲೇ ನನಗೆ ಗೊತ್ತಾಯಿತು. ಎದುರು ಕುರ್ಚಿಯಲ್ಲಿ ಅವನು ಕನ್ನಡಕ ತೆಗೆದು, ಒರೆಸಿದ್ದನ್ನೇ ಒರೆಸುತ್ತಿದ್ದ.

ನಾನು ಅವನನ್ನು ಕರೆಯುವುದೇ ಕನ್ನಡಕ ಎಂದು. ಅವನಿಗೆ ನಾನು ಚಿತ್ರಗಾರ್ತಿ. ಕಣಗಳು ಡಿಕ್ಕಿ ಹೊಡೆದು ಚದುರಿದ್ದನ್ನು ಸಾಫ್ಟ್‌ವೇರಿನಲ್ಲಿ ಬಣ್ಣದ ಗೆರೆಗಳಾಗಿ ಪರದೆಗೆ ತರುವುದು ನನ್ನ ಕೆಲಸ. ಕಂಪ್ಯೂಟರ್ ತಯಾರಿಸಿದ ಮಾಮೂಲಿ ಹುಸಿ ಘಟನೆಯಾದರೆ ಗೆರೆಯ ಮೇಲೆ ಕ್ಲಿಕ್ ಮಾಡಿದರೆ ಸಾಕು, ಎಲ್ಲಿ ಹುಟ್ಟಿತು, ಯಾವ ತಾಯಿಕಣದ ಮಗು, ಎಲ್ಲ ಜಾತಕ ಬಿಚ್ಚಿಕೊಳ್ಳುತ್ತದೆ. ಅಸಲಿ ಘಟನೆ ತುಟಿ ಬಿಚ್ಚುವುದಿಲ್ಲ.

ಮೂರು ತಿಂಗಳ ಹಿಂದೆ, ಆ ಘಟನೆ ಪರದೆಗೆ ಬಂದ ದಿನ, ಒಂದೊಂದೇ ಗೆರೆ ಮುಟ್ಟಿದ್ದೆ. ಮೌನ. ಎರಡು ಕೆಂಪು ಗೆರೆಗಳು ನಡುಬಿಂದುವಿನಿಂದ ಬರದೆ, ಗೇಣು ದೂರದಲ್ಲಿ ಬರಿಗಾಳಿಯಲ್ಲೇ ಹುಟ್ಟಿದಂತಿದ್ದವು.

"ಇದು ನಿಜಾನಾ?" ಎಂದು ಅವನ ತೋಳು ಹಿಡಿದಿದ್ದೆ.

"ನಿನ್ನ ಮುಖ ನೋಡಿದ್ರೆ ನಿಜ ಅನ್ಸುತ್ತೆ."

ಅವನು ಮೊದಲ ಸಲ ನನ್ನ ಬೆರಳುಗಳ ನಡುವೆ ಬೆರಳು ಸೇರಿಸಿದ್ದೂ ಆಗಲೇ.

ಈಗ ಕೋಣೆಯಿಂದ ಹೊರಬಿದ್ದ ನನ್ನ ಹಿಂದೆಯೇ ಮೆಟ್ಟಿಲ ಬಳಿಗೆ ಓಡಿ ಬಂದ.

"ನಿಯಮ ಕಣೇ. ಹೇಳೋ ಹಾಗಿರ್ಲಿಲ್ಲ."

"ಬಾಯಿ ಮುಚ್ಕೊಂಡಿರು ಅಂತ ನಿಯಮ. ಫ್ರೇಮ್ ಹಾಕ್ಸು ಅಂತ ಎಲ್ಲಿತ್ತು?"



ಆ ಚಿತ್ರವನ್ನು ದೊಡ್ಡದಾಗಿ ಪ್ರಿಂಟ್ ತೆಗೆಸಿ, ಮರದ ಫ್ರೇಮ್ ಹಾಕಿಸಿ, ನಮ್ಮ ಮನೆಗೆ ಹೊತ್ತು ತಂದವನು ಅವನೇ. ನಲವತ್ತು ವರ್ಷ ಲೇತ್ ಮೆಷಿನ್ ಮುಂದೆ ನಿಂತು ನನ್ನನ್ನು ಓದಿಸಿದ ಅಪ್ಪ, ಮಟ್ಟ ನೋಡಿ ಮೊಳೆ ಹೊಡೆದು ತೂಗುಹಾಕಿದ್ದರು. ಇನ್ನೂ ಪ್ರಕಟವಾಗಿಲ್ಲ, ಹೊರಗೆ ಹೇಳಬೇಡಿ ಎಂದರೂ ಕೇಳದೆ ಗ್ಯಾಸ್ ತಂದವನಿಗೂ ಹೇಳುತ್ತಿದ್ದರು, "ಪ್ರಪಂಚದಲ್ಲಿ ಇದನ್ನ ಮೊದ್ಲು ನೋಡಿದ್ದು ನಮ್ಮ ಹುಡುಗಿ." ಪಕ್ಕದಲ್ಲಿ ಕೂತು ಇವನು ತಲೆಯಾಡಿಸುತ್ತಿದ್ದ.

"ಯಾಕೆ ಹೀಗ್ ಮಾಡ್ದೆ?"

"ನಿಮ್ಮಪ್ಪನ ಹತ್ರ ನಿನ್ನ ಕೇಳೋಕೆ ಬರಿಗೈಲಿ ಹೇಗೆ ಬರೋದು ಅಂತ..." ದನಿ ಇಳಿಯಿತು. "ನಿನ್ನ ಸಂತೋಷದಲ್ಲಿ ನಂಗೂ ಒಂದ್ ಪಾಲು ಬೇಕಿತ್ತು."

ಕರಗಿಬಿಟ್ಟೆ. ಕರಗಿದ್ದಕ್ಕೇ ಇನ್ನಷ್ಟು ಸಿಟ್ಟು ಬಂತು.

"ಅಪ್ಪಂಗೆ ನೀನೇ ಬಂದು ಹೇಳು."

ಸಂಜೆ ಬಂದ. ಒಂದನ್ನೂ ಮುಚ್ಚಿಡದೆ ಹೇಳಿದ. ಅಪ್ಪ ಪೂರ್ತಿ ಕೇಳಿ, ಎದ್ದು, ಫ್ರೇಮ್ ಇಳಿಸಿ, ಹಿಂದಿನ ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚತೊಡಗಿದರು.

"ಯಾರಿಗೂ ಗೊತ್ತಾಗದ ಹಾಗೆ ತಯಾರು ಮಾಡಿದ್ದು ನೀವೇನಾ?"

ಮೂರು ತಿಂಗಳು 'ಬಾರಪ್ಪಾ, ಕೂತ್ಕೋ' ಎನ್ನುತ್ತಿದ್ದವರು ಇಂದು 'ನೀವು' ಅಂದಿದ್ದರು. ಅವನ ಮುಖ ಸಣ್ಣದಾಯಿತು.

"ಹೌದು ಅಂಕಲ್."

"ಕೈಕೆಲಸ ಚೆನ್ನಾಗಿದೆ."

ಚಿತ್ರವನ್ನು ಹೊರಗೆಳೆದು ಗೋಡೆಗೆ ಹಾಗೆಯೇ ಅಂಟಿಸಿದರು. "ಚಿತ್ರ ನನ್ನ ಮಗಳು ಬಿಡಿಸಿದ್ದು. ಇಲ್ಲೇ ಇರುತ್ತೆ. ಇದು ನಿಮ್ಮದು." ಖಾಲಿ ಫ್ರೇಮನ್ನು ಅವನ ತೊಡೆಯ ಮೇಲಿಟ್ಟರು.

ಗೇಟಿನವರೆಗೆ ನಾನೂ ಹೋದೆ.

"ಆವತ್ತು ಕೈ ಹಿಡಿದಿದ್ದು ಹುಸಿ ಅಲ್ಲ ಕಣೇ."

"ಗೊತ್ತು."

ಅವನ ಕನ್ನಡಕ ಮಸುಕಾಗಿತ್ತು. ತೆಗೆದು, ನನ್ನ ತೋಳಿನ ಬಟ್ಟೆಯಿಂದ ಒರೆಸಿ, ಮತ್ತೆ ಅವನ ಕಿವಿಗೇರಿಸಿದೆ.

"ಅದಕ್ಕೇ ಇಷ್ಟು ನೋಯ್ತಿರೋದು. ಹೋಗು."

ತಿರುವಿನವರೆಗೂ ಅವನು ಆ ಖಾಲಿ ಫ್ರೇಮನ್ನು ಎದೆಗವಚಿಕೊಂಡೇ ನಡೆದ. ಅಲ್ಲಿ ಒಮ್ಮೆ ನಿಂತ. ನಾನು ಕರೆಯಲಿಲ್ಲ.