ಒಳಗಿನ ಲಕೋಟೆ

ಚಹಾ ವಿರಾಮಕ್ಕೆ ಸಭಾಂಗಣ ಖಾಲಿಯಾಗುತ್ತಿದ್ದಾಗ, ಬಿಳಿ ಸಮವಸ್ತ್ರದ ಹೆಣ್ಣುಮಗಳೊಬ್ಬಳು ಜನರ ನಡುವೆ ನುಗ್ಗಿಕೊಂಡು ನಮ್ಮ ಸಾಲಿಗೆ ಬಂದಳು. ನೌಕಾಪಡೆಯ ಲೆಫ್ಟಿನೆಂಟ್ ಶಾರಿಜಾನ್, ನನ್ನ ಪಕ್ಕ ಕೂತಿದ್ದ ಮರ್ಜಾನ್ ಅವರ ಬೀದಿಯಲ್ಲೇ ಬೆಳೆದವಳು.

"ಮಕ್ ಲಾಂಗ್, ನನ್ನನ್ನ ಹಿಡ್ಕೊಂಡು ಹೋಗೋಕೆ ಗಾಡಿ ಬರ್ತಿದೆ," ಎಂದಳು.

ಪಿನಾಂಗ್‌ನಲ್ಲಿ ಮರ್ಜಾನ್ ಅವರು ಎಲ್ಲರಿಗೂ ಮಕ್ ಲಾಂಗ್, ಅಂದರೆ ದೊಡ್ಡಮ್ಮ. ಪೊಲೀಸ್ ಪತ್ತೇದಾರಿ ವಿಭಾಗದಿಂದ ನಿವೃತ್ತರಾದ ಮೇಲೂ ಜನ ತಮ್ಮ ಗಂಟುಗಳನ್ನು ಬಿಡಿಸಿಕೊಳ್ಳಲು ಅವರ ಬಳಿಗೇ ಬರುತ್ತಿದ್ದರು. ಪತ್ರಿಕೆಯ ಕೆಲಸ ಬಿಟ್ಟ ನಾನು, ಬೂನ್ ಹುವಾತ್, ಅವರ ಜೊತೆ ಸುತ್ತುತ್ತಿದ್ದೆ. ಅಂದು ನಾವಿಬ್ಬರೂ ಬಂದದ್ದು ಜಲಸಂಧಿಯ ಭದ್ರತೆಯ ಬಗೆಗಿನ ಸಾರ್ವಜನಿಕ ಚರ್ಚೆ ಕೇಳಲು. ಗುರುತು ಮರೆಸಿಕೊಂಡು ಓಡಾಡುವ ಹಡಗುಗಳು, ಸಮುದ್ರತಳದ ಕೇಬಲ್‌ಗಳು, ಡ್ರೋನ್‌ಗಳು ವಿಷಯವಾಗಿದ್ದವು. "ನನ್ನ ದೋಣಿ ಮೇಲೆ ಹಾರೋ ಡ್ರೋನು ನಮ್ಮದೋ ಬೇರೆಯವರದೋ ಅಂತ ಯಾರನ್ನ ಕೇಳ್ಲಿ? ಡ್ರೋನನ್ನೇ ಕೇಳ್ಲಾ?" ಎಂದು ಮೀನುಗಾರರೊಬ್ಬರು ಕೇಳಿದಾಗ ಸಭೆ ನಕ್ಕಿತ್ತು.

ಚರ್ಚೆ ನಡೆಸಿಕೊಡುತ್ತಿದ್ದವರು ಜಕಾರ್ತಾದ ರೇಡಿಯೋ ಮಾತುಗಾರ ಸುರೊಸೊ. ಶುರುವಿನಲ್ಲೇ ಅವರು ನಗಿಸಿದ್ದರು: "ಬಾಗಿಲಲ್ಲಿ ಪೆಜಾಬತ್ ಎಲ್ಲಿದ್ದಾರೆ ಅಂದೆ. ನಮ್ಮ ಕಡೆ ಹಂಗಂದ್ರೆ ಅಧಿಕಾರಿ. ನಿಮ್ಮ ಕಡೆ ಕಚೇರಿ ಅಂತೆ. ನನ್ನನ್ನ ಕರ್ಕೊಂಡೋಗಿ ಒಂದು ಖಾಲಿ ಕೋಣೇಲಿ ಕೂರಿಸಿಬಿಟ್ರು! ನಮ್ಮ ಭಾಷೆ ನಿಮ್ಮ ಭಾಷೆ ಅಕ್ಕತಂಗೀರು, ಆದ್ರೆ ಮಾತು ಬಿಟ್ಟಿರೋ ಅಕ್ಕತಂಗೀರು." ಆಮೇಲೆ ಹೇಳಿದ್ದರು: "ನೀವು ಬರ್ಕೊಟ್ಟಿರೋ ಚೀಟಿಗಳಲ್ಲಿ ಕಷ್ಟದ ಪ್ರಶ್ನೆಗಳನ್ನ ಬೇರೆ ಲಕೋಟೆಗೆ ಹಾಕ್ಸಿದ್ದೀನಿ. ಕೊನೇ ಸುತ್ತಲ್ಲಿ, ಟಿವಿ ಮುಂದೇನೇ ಒಡೆದು ಓದ್ತೀನಿ."

"ಉಸಿರು ತಗೊಂಡು ಹೇಳು ಮಗಳೇ," ಎಂದರು ಮಕ್ ಲಾಂಗ್.

"ಕೇಬಲ್ ಹಾದಿಯಲ್ಲಿ ನಮ್ಮ ಗಸ್ತು ಎಲ್ಲೆಲ್ಲಿ ತೆಳು ಇದೆ ಅನ್ನೋ ನಕ್ಷೆ ಕಾಣೆಯಾಗಿದೆ. ವೇದಿಕೆ ಮೇಲೆ ಏನು ಬಾಯಿಬಿಡಬಾರದು ಅಂತ ನೋಡ್ಕೊಳ್ಳೋಕೆ, ಇಲ್ಲಿ ಮಾತಾಡೋಕೆ ಬಂದಿರೋ ನಮ್ಮ ಕಮಾಂಡರ್ ತರ್ಸಿದ್ರು. ಅತಿಥಿ ಕೋಣೆಗೆ ಭಾಷಣಕಾರರನ್ನ ಬಿಟ್ರೆ ಯಾರನ್ನೂ ಬಿಡಲ್ಲ. ಅದಕ್ಕೆ ಬಾಗಿಲಲ್ಲೇ ಅವರ ಕೈಗೆ ಕೊಟ್ಟೆ. ಈಗ ಕೊಟ್ಟೇ ಇಲ್ಲ ಅಂತಿದಾರೆ."

"ಹೇಗಿತ್ತು ಅದು?"

"ನಿಯಮದ ಪ್ರಕಾರ ಎರಡು ಲಕೋಟೆ. ಹೊರಗಿಂದು ಸಾದಾ, ಕಮಾಂಡರ್ ಹೆಸರು ಮಾತ್ರ. ಒಳಗಿಂದರ ಮೇಲೆ ಸುಲಿತ್ ಅಂತ ಕೆಂಪು ಮುದ್ರೆ."

ನಮ್ಮ ಸರ್ಕಾರಿ ಕಾಗದಗಳ ಮೇಲೆ ಆ ಮುದ್ರೆ ಇದ್ದರೆ ಗೌಪ್ಯ ಎಂದರ್ಥ. ಅದನ್ನು ಕಳೆದವರು ಕೆಲಸವನ್ನಷ್ಟೇ ಅಲ್ಲ, ಕೆಲವು ವರ್ಷಗಳನ್ನೂ ಕಳೆದುಕೊಳ್ಳುತ್ತಾರೆ.

ಮಕ್ ಲಾಂಗ್ ಅವರನ್ನು ಗುರುತಿಸಿ ಬಾಗಿಲಿನವನು ನಮ್ಮ ಮೂವರನ್ನೂ ಅತಿಥಿ ಕೋಣೆಯೊಳಗೆ ಬಿಟ್ಟ. ಅಲ್ಲಿ ಮೂವರು ಭಾಷಣಕಾರರಿದ್ದರು. ಕಮಾಂಡರ್ ಝಹರಿನ್ ಕಿಟಕಿಯ ಬಳಿ ನಿಂತಿದ್ದರು. ಕೇಬಲ್ ಕಂಪನಿಯ ನಾರ್ವೆಯವ ಹಾಲ್ವರ್ಸೆನ್ ತನ್ನ ಚೀಲಕ್ಕೆ ಸಾಮಾನು ತುಂಬುತ್ತಿದ್ದ. ಸುರೊಸೊ ಕರಿಪಫ್ ತಿನ್ನುತ್ತಿದ್ದರು.

"ನನ್ನೊಬ್ಬನ ಚೀಲ ಮಾತ್ರ, ಕಾಲುಚೀಲಾನೂ ಬಿಡದೆ ತಿರುವಿ ನೋಡಿದ್ರು," ಎಂದ ಹಾಲ್ವರ್ಸೆನ್.

"ಏನೂ ಸಿಗಲಿಲ್ಲ," ಎಂದರು ಕಮಾಂಡರ್. "ಅಂದ್ಮೇಲೆ ಇವಳು ದಾರೀಲಿ ಕಳ್ಕೊಂಡಿರ್ಬೇಕು. ಇಲ್ಲ, ಮಾರ್ಕೊಂಡಿರ್ಬೇಕು."

ಶಾರಿಜಾನ್ ಮುಖ ಬಿಳಿಚಿಕೊಂಡಿತು.

"ತುವಾನ್, ಆ ಲಕೋಟೆ ನಿಮ್ಮ ಕಣ್ಣಿಗೇ ಬೀಳಲಿಲ್ವಾ?" ಮಕ್ ಲಾಂಗ್ ಕಮಾಂಡರನ್ನು ಗೌರವದಿಂದಲೇ ಕೇಳಿದರು.

"ಹೊರಗಿಂದೂ ಇಲ್ಲ, ಒಳಗಿಂದೂ ಇಲ್ಲ."

ಮಕ್ ಲಾಂಗ್ ಕಸದ ಬುಟ್ಟಿಯೊಳಗೆ ಒಮ್ಮೆ ಇಣುಕಿದರು. ಬಳಿಕ ನನ್ನ ಕಿವಿಯಲ್ಲಿ ಒಂದು ಪ್ರಶ್ನೆ ಹೇಳಿ, ಚೀಟಿ ಸಂಗ್ರಹಿಸಿದ ಸ್ವಯಂಸೇವಕರ ಬಳಿಗೆ ಕಳಿಸಿದರು. ಸುರೊಸೊ ಹೇಳಿದ ಲಕೋಟೆಗೆ ಎಷ್ಟು ಚೀಟಿ ಹಾಕಿದಿರಿ? ಒಂದನ್ನೂ ಹಾಕಿರಲಿಲ್ಲ, ಲಕೋಟೆಯನ್ನೇ ಮಾಡಿರಲಿಲ್ಲ. ಬಂದು ಹೇಳಿದಾಗ ಅವರು ತಲೆಯಾಡಿಸಿದರು.

ವಿರಾಮ ಮುಗಿದ ಗಂಟೆ ಹೊಡೆಯಿತು. ಸುರೊಸೊ ಕೈ ಒರೆಸಿಕೊಂಡು ತಮ್ಮ ಕಾಗದಗಳನ್ನು ಎತ್ತಿಕೊಂಡರು. "ಕ್ಷಮಿಸಿ ತಾಯಿ, ಟಿವಿಯವರು ಕಾಯ್ತಿದಾರೆ."

"ಒಂದೇ ಮಾತು. ಕಷ್ಟದ ಪ್ರಶ್ನೆಗಳ ಲಕೋಟೆ ಸಿಕ್ತಾ?"

"ಸಿಗದೆ? ಇಲ್ಲೇ ಮೇಜಿನ ಮೇಲಿತ್ತು. ಕೊನೇಗೆ ಅಂತ ಇಟ್ಕೊಂಡಿದ್ದೀನಿ." ಕಾಗದಗಳ ಅಡಿಯಿಂದ ಎಳೆದು ತೋರಿಸಿದರು. ಕೆಂಪು ಮುದ್ರೆ, ಒಡೆಯದ ಅಂಟು.

"ಕಳ್ಳ ಸಿಕ್ಕ!" ಎಂದರು ಕಮಾಂಡರ್.

"ಯಾರು ಕಳ್ಳ? ಸುಲಿತ್ ಅಂತ ಇಷ್ಟು ದಪ್ಪಗೆ ಬರೆದಿದೆಯಲ್ಲ, ಕಣ್ಣು ಕಾಣಲ್ವಾ?" ಸುರೊಸೊ ರೇಗಿದರು. "ಕಷ್ಟದ್ದು ಅಂತ!"

"ನಿಮ್ಮಲ್ಲಿ ಕಷ್ಟದ್ದು, ನಮ್ಮಲ್ಲಿ ಗೌಪ್ಯ," ಎಂದರು ಮಕ್ ಲಾಂಗ್. "ಕೂತ್ಕೊಳ್ಳಿ ಎಲ್ರೂ. ಟಿವಿ ಒಂದು ಗಳಿಗೆ ಕಾಯ್ಲಿ. ಸುರೊಸೊ ಅವರು ನಮ್ಮ ಹುಡುಗರಿಗೆ, ಸುಲಿತ್ ಪ್ರಶ್ನೆಗಳನ್ನ ಬೇರೆ ಇಡಿ ಅಂದಿದಾರೆ. ಹುಡುಗರು ಚೀಟಿ ನೋಡಿದಾರೆ. ಮೀನಿನ ಬಲೆ, ಡ್ರೋನು ಅಂತೆಲ್ಲ ಇದೆ. ಇದರಲ್ಲಿ ಗುಟ್ಟೇನಿದೆ ಅಂತ ಒಂದನ್ನೂ ತೆಗೆದಿಲ್ಲ. ಹಾಗಾದ್ರೆ ಇವರ ಹತ್ರ ಇರೋದು ಬೇರೆ ಯಾವುದೋ ಲಕೋಟೆ ಆಗಿರ್ಬೇಕು ಅಂತ ಗೊತ್ತಾಯ್ತು. ಇವರಿಗೆ ಬೇಕಿದ್ದ ಪದ ಮೇಜಿನ ಮೇಲೆ ಕಂಡಿದೆ, ಎತ್ಕೊಂಡಿದಾರೆ."

"ನಾನು ಅದನ್ನ ಟಿವೀಲಿ ಓದ್ತಿದ್ದೆ!" ಸುರೊಸೊ ಬೆವರು ಒರೆಸಿಕೊಂಡರು.

"ತಪ್ಪು ಅರ್ಥ ಆಗಿದೆ, ಅಷ್ಟೇ. ಆದ್ರೆ ಸುಳ್ಳು ಬೇರೆ ಕಡೆ ಇದೆ." ಮಕ್ ಲಾಂಗ್ ಲಕೋಟೆಯನ್ನು ಮೇಜಿನ ನಡುವೆ ಇಟ್ಟರು. "ಇದು ಒಳಗಿನ ಲಕೋಟೆ. ಹೊರಗಿಂದು ಇದ್ದಿದ್ರೆ ಮುದ್ರೆ ಕಾಣ್ತಾನೇ ಇರ್ಲಿಲ್ಲ, ಇವರು ಮುಟ್ತಾನೂ ಇರ್ಲಿಲ್ಲ. ಮೊದಲು ಯಾರೋ ಹೊರಗಿಂದನ್ನ ಹರಿದಿದಾರೆ. ಯಾರು? ದಾರೀಲಿ ಬಿದ್ದಿದ್ರೆ ಎರಡೂ ಒಟ್ಟಿಗೇ ಬೀಳ್ತಿದ್ವು. ಮಾರೋರು ಒಳಗಿಂದನ್ನೂ ಒಡೀತಿದ್ರು. ಈ ಹುಡುಗಿ ಆಗ ಕೋಣೆ ಒಳಗೇ ಬಂದಿರ್ಲಿಲ್ಲ. ತನ್ನ ಹೆಸರಿದ್ದ ಲಕೋಟೆ ಹರಿದು, ಒಳಗಿಂದನ್ನ ಮೇಜಿನ ಮೇಲಿಟ್ಟು, ಬೇರೆ ಏನಕ್ಕೋ ತಿರುಗಿದವರು ಒಬ್ಬರೇ ಆಗಿರೋಕೆ ಸಾಧ್ಯ."

"ಊಹೆ," ಎಂದರು ಕಮಾಂಡರ್.

"ಇರ್ಬಹುದು. ಹೆಸರಿರೋ ಹೊರಗಿನ ಲಕೋಟೇನ ನಿಮ್ಮೋರು ಕಸಕ್ಕೆ ಹಾಕೋ ಹಾಗಿಲ್ಲ. ಬುಟ್ಟೀಲಂತೂ ಇಲ್ಲ. ನಿಮ್ಮ ಜೇಬು ನಾನು ಮುಟ್ಟಲ್ಲ ತುವಾನ್. ನೀವೇ ನೋಡ್ಕೊಳ್ಳಿ."

ಕಮಾಂಡರ್ ಜೇಬಿನ ಗುಂಡಿ ಬಿಚ್ಚಿದರು. ಅದರೊಳಗಿಂದ ನಾಲ್ಕಾಗಿ ಮಡಿಚಿದ ಹರಿದ ಲಕೋಟೆ ತೆಗೆದರು. "ಫೋನ್ ಬಂತು. ಮಾತಾಡ್ತಾ ಹೊರಗೆ ಹೋದೆ. ತಿರುಗಿ ಬಂದಾಗ ಇರ್ಲಿಲ್ಲ. ಮುಂದಿನ ತಿಂಗಳು ಬಡ್ತಿ ಇದೆ..."

"ಅವಳಿಗೂ ಮುಂದಿನ ತಿಂಗಳು ಇದೆ," ಎಂದರು ಮಕ್ ಲಾಂಗ್. "ಕೇಂದ್ರ ಕಚೇರಿಗೆ ಫೋನ್ ಮಾಡಿ."

ಅವರು ನಂಬರ್ ಒತ್ತಿದರು. "ಲಕೋಟೆ ಸಿಕ್ಕಿದೆ," ಎಂದರು.

"ಸಿಕ್ಕಿದ್ದು ಸರಿ. ಕಳೆದದ್ದು ಯಾರು ಅಂತ ಹೇಳಿ," ಎಂದರು ಮಕ್ ಲಾಂಗ್.

ಕಮಾಂಡರ್ ಗೋಡೆಯ ಕಡೆ ತಿರುಗಿದರು. "ಲೆಫ್ಟಿನೆಂಟ್ ಶಾರಿಜಾನ್ ನನ್ನ ಕೈಗೇ ಕೊಟ್ಟಿದ್ರು. ಬಿಟ್ಟು ಹೋದವನು ನಾನು."

ಆಗಲೇ ಬಾಗಿಲು ಬಡಿದು ಇಬ್ಬರು ಕಾವಲಿನವರು ಒಳಬಂದರು. ಅವರಲ್ಲೊಬ್ಬ ಸೆಲ್ಯೂಟ್ ಹೊಡೆದು, "ಗಾಡಿ ಬಂದಿದೆ ತುವಾನ್. ಯಾರನ್ನ ಕರ್ಕೊಂಡು ಹೋಗ್ಬೇಕು?" ಎಂದು ಕೇಳಿದ.

ಶಾರಿಜಾನ್ ನೆಟ್ಟಗೆ ನಿಂತೇ ಇದ್ದಳು. ಕಮಾಂಡರ್ ಮೇಜಿನ ಮೇಲಿದ್ದ ತಮ್ಮ ಟೋಪಿಯನ್ನು ಎತ್ತಿಕೊಂಡು, ಅವರಿಬ್ಬರಿಗಿಂತ ಮುಂದಾಗಿ ಬಾಗಿಲು ದಾಟಿದರು.