ಕಮಾಂಡರನ ಗೋರಿಯ ಬಟ್ಟೆಗಳು

ಮಂಗಳವಾರ ಬೆಳಿಗ್ಗೆ 9.20ಕ್ಕೆ ಶೀನ್‌ದರಾ ಠಾಣೆಗೆ ದೂರು ಬಂತು. ಉಗ್ರರ ಕಮಾಂಡರ್ ಆಗಿದ್ದ ತೋರಬಾಜ್‌ನ ಗೋರಿಗೆ ಜನ ಹರಕೆ ಹೊತ್ತು ಕಟ್ಟಿದ್ದ ನಲವತ್ತೊಂದು ಬಣ್ಣದ ಬಟ್ಟೆಗಳು ಕಾಣೆಯಾಗಿದ್ದವು. ದೂರುದಾರ ಮಿಸ್ಕೀನ್ ಗುಲ್, ತಾನೇ ಆ ಗೋರಿಯ ಸೇವಕನೆಂದು ಹೇಳಿಕೊಳ್ಳುವವನು. ಇದು ಕೆಳಕೇರಿಯವರದೇ ಕೆಲಸ, ಶುಕ್ರವಾರದ ನಮಾಜಿನೊಳಗೆ ಕಳ್ಳ ಸಿಗದಿದ್ದರೆ ದೊಣ್ಣೆ ಹಿಡಿದು ಕೆಳಗಿಳಿಯುತ್ತೇವೆ ಎಂದು ಎಫ್‌ಐಆರ್‌ನಲ್ಲೇ ಬರೆಸಿದ.

ಇನ್‌ಸ್ಪೆಕ್ಟರ್ ಸನೋಬರ್ ಖಾನ್ ನಗು ತಡೆದುಕೊಂಡ. ಗೋರಿಗೆ ಬಟ್ಟೆ ಕಟ್ಟುವುದು ಪಾಪವೆಂದು ಸಾರಿ, ಕೆಳಕೇರಿಯ ಬಾಬಾನ ದರ್ಗಾವನ್ನೇ ಸಿಡಿಮದ್ದಿಟ್ಟು ಉರುಳಿಸಿದ್ದವನು ಈ ತೋರಬಾಜ್. ಸೇನೆಯ ಗುಂಡಿಗೆ ಸತ್ತು ಐದು ವರ್ಷವಾಗುವುದರೊಳಗೆ, ಅವನ ಗೋರಿಯ ಮೇಲಿಟ್ಟ ಉಪ್ಪು ನೆಕ್ಕಿದರೆ ಹಲ್ಲುನೋವು ಹೋಗುತ್ತದೆಂದು ಊರು ನಂಬಿತ್ತು.

11 ಗಂಟೆಗೆ ಸ್ಥಳ ಪಂಚನಾಮೆ. ಗೋರಿಯ ಸುತ್ತ ನೆಟ್ಟ ಕಂಬಗಳಲ್ಲಿ ಒಂದು ಚಿಂದಿಯೂ ಉಳಿದಿರಲಿಲ್ಲ.

"ಕೋಪದಲ್ಲಿ ಬಂದೋನು ಕಿತ್ತು ಹರಿದು ಹಾಕ್ತಾನೆ," ಎಂದ ಸನೋಬರ್. "ಇಲ್ಲಿ ಒಂದೊಂದೇ ಗಂಟು ಬಿಚ್ಚಿದ್ದಾರೆ. ಬಟ್ಟೆ ಬೇಕಾಗಿದ್ದೋರು."

"ಅಷ್ಟು ತಾಳ್ಮೆ ನಮ್ಮೂರ ಗಂಡಸ್ರಿಗೆಲ್ಲಿ, ಸಾಹೇಬ್ರೇ?" ಎಂದ ಕಾನ್‌ಸ್ಟೆಬಲ್ ಬಖ್ತ್‌ಜಮಾಲ್.

ಮೂರು ದಿನ ಇಬ್ಬರೂ ಒಣಹಾಕಿದ ಬಟ್ಟೆಗಳನ್ನೇ ನೋಡುತ್ತ ಬೀದಿ ಸುತ್ತಿದರು. ಪೊಲೀಸರಿಗೆ ನಾಚಿಕೆಯಿಲ್ಲವೆಂದು ಎರಡು ಹೊಸ ದೂರುಗಳು ದಾಖಲಾದವು. ಶುಕ್ರವಾರ 10.40ಕ್ಕೆ ಒಂದು ಚಾವಣಿಯ ಮೇಲೆ ಹೊಸ ಕೌದಿ ಕಂಡಿತು. ಹಸಿರು, ಕೆಂಪು, ಅಲ್ಲಲ್ಲಿ ಜರಿ. ಮನೆ ತೋರಬಾಜ್‌ನ ತಾಯಿ ಜರ್ಮೀನಾಳದು.

"ಇದನ್ನ ಹೊಲಿದೋರು ಯಾರಮ್ಮಾ?" ಎಂದ ಸನೋಬರ್.

"ನಾನೇ. ಚೆನ್ನಾಗಿಲ್ವಾ?"

"ನಲವತ್ತೊಂದು ಬಟ್ಟೆನಾ?"

"ನಲವತ್ಮೂರು. ಮಿಸ್ಕೀನ್‌ಗೆ ಎಣಿಸೋಕೂ ಬರಲ್ಲ."

"ಮಗನ ಗೋರಿದೇ ಯಾಕೆ ಬಿಚ್ಚಿದ್ರಿ?"

"ಬಾಬಾನಿಗೆ ಬಟ್ಟೆ ಕಟ್ಟಿದೆ ಅಂತ ನನ್ನ ಕೈ ತಿರುಚಿದೋನು ಅವನು. ಊರೋರನ್ನೆಲ್ಲ ಅಳಿಸಿ ಸತ್ತ. ಈಗ ಸಂತ ಆಗ್ತಾನಾ? ನಾನು ಬದುಕಿರೋವರೆಗೂ ಆಗಲ್ಲ ಮಗಾ. ಹಲ್ಲುನೋವು ವಾಸಿ ಮಾಡ್ತಾನಂತೆ! ಜನ್ಮವೆಲ್ಲ ಅವನಿಗೇ ಹಲ್ಲುನೋವು."

ಚಹಾ ಕುಡಿಯದೆ ಕದಲಬಾರದೆಂದು ಆರೋಪಿ ಹಟ ಹಿಡಿದದ್ದರಿಂದ ಬಂಧನ 11.50ಕ್ಕೆ ಆಯಿತು. ಮಸೀದಿಯೆದುರು ದೊಣ್ಣೆ ಎತ್ತಿ ನಿಂತಿದ್ದ ಮಿಸ್ಕೀನ್ ಗುಲ್, ಕೌದಿ ಹೊತ್ತು ಬರುತ್ತಿದ್ದ ಕಮಾಂಡರನ ತಾಯಿಯನ್ನು ಕಂಡದ್ದೇ ದೊಣ್ಣೆಯನ್ನು ಊರುಗೋಲು ಮಾಡಿಕೊಂಡ. ಅವನ ಹಿಂದಿದ್ದವರು ಒಬ್ಬೊಬ್ಬರಾಗಿ ನಮಾಜಿಗೆ ಹೋದರು. ಕೆಳಕೇರಿಗೆ ಯಾರೂ ಇಳಿಯಲಿಲ್ಲ.

ಹೇಳಿಕೆಯ ಕೊನೆಯಲ್ಲಿ, ಕೌದಿ ಯಾರಿಗೆ ಎಂದು ಸನೋಬರ್ ಕೇಳಿದಾಗ ಮಾತ್ರ ಆಕೆಯ ದನಿ ತಗ್ಗಿತು. ಕೆಳಕೇರಿಯವರು ದರ್ಗಾಕ್ಕೆ ಮತ್ತೆ ಗೋಡೆ ಎಬ್ಬಿಸಿದ್ದರು, ನೆಲ ಇನ್ನೂ ಬರೀ ಮಣ್ಣು. ಮಗ ಉರುಳಿಸಿದ್ದನ್ನು ಕಟ್ಟುವಷ್ಟು ಶಕ್ತಿ ಆಕೆಗಿರಲಿಲ್ಲ. ಬಂದವರಿಗೆ ಕೂರಲು ಒಂದು ಹಾಸು ಹೊಲಿಯಬಲ್ಲಳು, ಅಷ್ಟೇ.