ಕಮಟಾಗದ ಹುಚ್ಚೆಳ್ಳೆಣ್ಣೆ

"ಎಣ್ಣೆ ಬೆರೆಸಿದ್ದೀರಾ, ಚೇತನ್?"

ಬೃಂದಾ ಕೇಳಿದ ರೀತಿಗೆ ನನ್ನ ಮೈ ಉರಿದುಹೋಯಿತು. ಕಟ್ಟೆಮಳಲವಾಡಿಯಲ್ಲಿ ನಮ್ಮ ಗಾಣದ ಎಣ್ಣೆಯನ್ನು ಕಲಬೆರಕೆ ಅಂದವರು ಇವತ್ತಿನವರೆಗೆ ಒಬ್ಬರೂ ಇಲ್ಲ.

ಭೇರ್ಯದ ಈ ಹುಡುಗಿ ಮೈಸೂರಿನಲ್ಲಿ ಸಂಶೋಧನೆ ಮಾಡುತ್ತಾಳೆ. ನಮ್ಮ ಹೊಲದ ಒಂದು ಹಿಡಿ ಮಣ್ಣಿನಲ್ಲಿದ್ದ ಬೂಷ್ಟನ್ನು ಲ್ಯಾಬಿನಲ್ಲಿ ಬೆಳೆಸಿ, ಅದರ ಸಾರ ತೆಗೆದು, ಎಣ್ಣೆ ಕೆಡದಂತೆ ಅದು ತಡೆಯುತ್ತದೆಯೇ ಎಂದು ನೋಡಲು ನಮ್ಮ ಹುಚ್ಚೆಳ್ಳೆಣ್ಣೆಗೆ ಬೆರೆಸಿ ನಮ್ಮ ಮನೆಯಲ್ಲೇ ಒಂದು ಸೀಸೆಯಲ್ಲಿಟ್ಟಿದ್ದಳು. ಪಕ್ಕದ ಸೀಸೆಯಲ್ಲಿ ಬರೀ ಎಣ್ಣೆ. ಪ್ರತಿ ಶನಿವಾರ ಬಂದು ಎರಡರಿಂದಲೂ ಸ್ವಲ್ಪ ತೆಗೆದುಕೊಂಡು ಹೋಗುವಳು. "ಎರಡೂ ಕಮಟು ವಾಸನೆ ಹೊಡೆದ ದಿನ ನನ್ನ ಕೆಲಸ ಮುಗೀತು" ಎಂದು ಮೊದಲೇ ಹೇಳಿದ್ದಳು. ಅಂದಿನಿಂದ ನನಗೆ ಒಂದೇ ಹರಕೆ, ಎಣ್ಣೆ ಕೆಡದಿರಲಿ ದೇವರೇ.

"ಇಷ್ಟು ವಾರ ತೆಗೆದ್ರೂ ಇದು ತುಂಬೇ ಇದೆಯಲ್ಲಾ?" ಬರೀ ಎಣ್ಣೆಯ ಸೀಸೆ ತೋರಿಸಿದಳು. ಕಣ್ಣಲ್ಲಿ ನೀರಿತ್ತು.

ಅಷ್ಟರಲ್ಲಿ ನಮ್ಮವ್ವ ಕೆಂಪಾಜಮ್ಮ ಒಳಗಿಂದ ಬಂದಳು.

"ನಾನೇ ಉಯ್ದೆ ಕಣವ್ವಾ. ಗಾಣದ ಮನೇಲಿ ಎಣ್ಣೆ ಸೀಸೆ ಅರ್ಧಕ್ಕೆ ನಿಲ್ಬಾರ್ದು. ಇಂದ್ಗಡೇದು ಕೈಗೆ ಸಿಕ್ನಿಲ್ಲ, ಮುಂದ್ಗಡೇದಕ್ಕೆ ಮಾತ್ರ ಉಯ್ತಿದ್ದೆ."

ಬೃಂದಾ ತಲೆ ಮೇಲೆ ಕೈ ಹೊತ್ತು ಕುಳಿತುಬಿಟ್ಟಳು.

ನಾನು ಎಡ ಅಂಗೈಗೆ ಬರೀ ಎಣ್ಣೆ, ಬಲ ಅಂಗೈಗೆ ಸಾರ ಹಾಕಿದ್ದು ಒಂದೊಂದು ತೊಟ್ಟು ಬಿಟ್ಟು, ಬೆರಳಿನಿಂದ ಉಜ್ಜಿದೆ. ಗಾಣದವರು ಎಣ್ಣೆ ಪರೀಕ್ಷೆ ಮಾಡುವುದೇ ಹಾಗೆ. ಬೃಂದಾ ಎದ್ದು ಬಂದು ನನ್ನ ಎಡಗೈ ಮೂಸಿ ಮುಖ ಕಿವುಚಿದಳು. ಬಲಗೈಗೆ ಬಾಗಿದಾಗ ಅವಳ ಉಸಿರು ನನ್ನ ಮಣಿಕಟ್ಟಿಗೆ ತಾಗಿತು.

"ಅಯ್ಯೋ! ಹೊಸ ಎಣ್ಣೆ ಬಿದ್ದದ್ದೇ ಕೆಟ್ಟಿದೆ. ಇದು ಇವತ್ತು ಬೆಳಿಗ್ಗೆ ಹಿಂಡಿದಂಗಿದೆ ಕಣ್ರೀ!"

ನನಗೆ ಮೈ ಜುಮ್ಮೆಂದಿತು. ದಿನಾ ತುಳಿದಾಡುವ ಮಣ್ಣಿನಲ್ಲಿ, ಕಣ್ಣಿಗೂ ಕಾಣದ ಜೀವವೊಂದು ಇಂಥ ಶಕ್ತಿ ಇಟ್ಟುಕೊಂಡು ಸುಮ್ಮನಿತ್ತೇ? ಇಬ್ಬರೂ ಆ ಒಂದು ತೊಟ್ಟನ್ನೇ ನೋಡುತ್ತ ನಿಂತೆವು. ಅವ್ವ ಕೂಡ ಕೈ ಮುಗಿದಳು.

"ಆದ್ರೆ ಇದು ಲೆಕ್ಕಕ್ಕೆ ಬರಲ್ಲ. ಮೊದಲಿಂದ ಶುರು ಮಾಡ್ಬೇಕು" ಎಂದು ಬೃಂದಾ ನಿಟ್ಟುಸಿರಿಟ್ಟಳು.

ನನಗೆ ನಗು ತಡೆಯಲಾಗಲಿಲ್ಲ.

"ನನ್ನ ಕೆಲಸ ಹಾಳಾಯ್ತು, ನೀವು ನಗ್ತೀರಾ?"

"ಎಣ್ಣೆ ಕೆಟ್ರೆ ನೀವು ಬರಲ್ವಲ್ಲ ಅಂತ ಜೀವ ಕೈಲಿ ಹಿಡ್ಕೊಂಡಿದ್ದೆ. ನೀವಂದ್ರೆ ನಂಗೆ ಪ್ರಾಣ ಕಣ್ರೀ."

ಅವ್ವ ಕೆಮ್ಮಿ ಒಳಗೆ ಹೋದಳು. ಬೃಂದಾ ನನ್ನ ಎಣ್ಣೆಗೈ ಹಿಡಿದುಕೊಂಡಳು.

"ದಡ್ಡಪ್ಪಾ, ಈ ಎಣ್ಣೇನ ತಿಂಗಳಿಗೊಂದು ಸಲ ನೋಡಿದ್ರೆ ಸಾಕಾಗಿತ್ತು. ವಾರವಾರ ಯಾಕೆ ಬತ್ತಿದ್ದೆ ಅಂದ್ಕೊಂಡ್ರಿ?"